ಹಿಮಮಾರ್ಗಕ್ಕೆ ಲಾರಿಯ ಸನ್ನಾಹ

ಮಾರ್ಗಶಿರ ಮಾಸವು ಹುಟ್ಟಿತೆಂದರೆ ನಮ್ಮ ಹಾಸನದ ಸೀಮೆಯ ಮನೆಗಳಲ್ಲಿ ಒಂದು ಸಣ್ಣ ಸಂಗತಿ ನಡೆಯುವುದುಂಟು. ಬೆಳಗಿನ ಜಾವದಲ್ಲಿ ಎದ್ದ ಗೃಹಿಣಿಯು ಕೊಬ್ಬರಿ ಎಣ್ಣೆಯ ಸೀಸೆಯನ್ನು ಬಗ್ಗಿಸುತ್ತಾಳೆ, ಎಣ್ಣೆ ಬೀಳುವುದಿಲ್ಲ. ರಾತ್ರಿ ನೀರಿನಂತೆ ತಿಳಿಯಾಗಿದ್ದುದು ಬೆಳಗಾಗುವಷ್ಟರಲ್ಲಿ ಬೆಣ್ಣೆಯಂತೆ ಬಿಳುಪಾಗಿ ಗಟ್ಟಿಯಾಗಿರುತ್ತದೆ. ಆಕೆ ಸೀಸೆಯನ್ನು ಹಂಡೆಯ ಒಲೆಯ ಬಳಿ ಇರಿಸುತ್ತಾಳೆ. ಅರ್ಧ ಗಳಿಗೆಯಲ್ಲಿ ಎಣ್ಣೆ ಕರಗುತ್ತದೆ. ಅಲ್ಲಿಗೆ ಆ ಸಂಗತಿ ಮುಗಿಯಿತು. ಇಷ್ಟು ಅಲ್ಪವಾದ ವಿಷಯವು ಮನುಷ್ಯನ ಪ್ರಾಣದವರೆಗೂ ಹೋಗಬಹುದೆಂದು ಐವತ್ತು ವರ್ಷ ದಾಟುವವರೆಗೆ ನಾನು ತಿಳಿದಿರಲಿಲ್ಲ. ತಿಳಿಸಿದವನು ನನ್ನ ಶಿಷ್ಯನು.

ನಾನು ಓದಿದುದು ಸಂಸ್ಕೃತ. ಹೊಟ್ಟೆ ಹೊರೆದುದು ಹಳ್ಳಿಯ ಶಾಲೆಯಲ್ಲಿ ಸಂಸ್ಕೃತ ಕನ್ನಡಗಳನ್ನು ಬೋಧಿಸಿ. ಒಂದು ವರ್ಷ ವಿಜ್ಞಾನದ ಉಪಾಧ್ಯಾಯರು ವರ್ಗವಾಗಿ ಹೋಗಿ, ಅವರ ಸ್ಥಾನಕ್ಕೆ ಬೇರೊಬ್ಬರು ಬರುವವರೆಗೆ ಆ ತರಗತಿಯನ್ನೂ ನಾನೇ ನೋಡಿಕೊಳ್ಳಬೇಕಾಯಿತು. ದ್ರವಗಳು ಶೀತದಿಂದ ಘನೀಭವಿಸುವ ಪಾಠವನ್ನು ಪುಸ್ತಕದಲ್ಲಿದ್ದಂತೆ ಓದಿ ಹೇಳುತ್ತಿದ್ದೆನು. ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು ನಿಂತು, “ಸಾರ್, ಚಳಿಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ. ನಮ್ಮ ತೋಟದ ಪಂಪಿನ ಡೀಸೆಲ್ಲೂ ಎಣ್ಣೆಯೇ ಅಲ್ಲವೆ? ಅದೇಕೆ ಹೆಪ್ಪುಗಟ್ಟುವುದಿಲ್ಲ?” ಎಂದು ಕೇಳಿದನು. ನನಗೆ ಉತ್ತರ ತಿಳಿದಿರಲಿಲ್ಲ. ತಿಳಿಯದೆಂದು ಒಪ್ಪಿಕೊಳ್ಳುವ ಧೈರ್ಯವೂ ಇರಲಿಲ್ಲ. “ಅದು ಪಾಠದಲ್ಲಿಲ್ಲ, ಕುಳಿತುಕೊ” ಎಂದೆನು. ತರಗತಿಯು ನಕ್ಕಿತು. ಹುಡುಗನು ಕುಳಿತನು. ನಾನು ಮರೆತೆನು.

ಅವನು ಹತ್ತನೆಯ ತರಗತಿಯ ಮೇಲೆ ಓದಲಿಲ್ಲ. ಮೊದಲು ಲಾರಿಯ ಕ್ಲೀನರನಾಗಿ, ಬಳಿಕ ಡ್ರೈವರನಾಗಿ, ಬೆಂಗಳೂರಿಗೆ ಕಾಶ್ಮೀರದ ಸೇಬನ್ನು ತರುವ ಲಾರಿಗಳ ಸಂಗಡ ಉತ್ತರದೇಶಕ್ಕೆ ಹೋಗಿಬರುತ್ತ, ಕಡೆಗೆ ಹೆಚ್ಚಿನ ಸಂಬಳದ ಆಸೆಯಿಂದ ಜಮ್ಮುವಿನ ಲಾರಿ ಮಾಲೀಕರೊಬ್ಬರಲ್ಲಿ ನಿಂತನು. ೨೦೧೮ನೆಯ ನವೆಂಬರು ತಿಂಗಳ ಕೊನೆಯಲ್ಲಿ ಅವನು ಅಕ್ಕಿ ಹಿಟ್ಟುಗಳ ಹೇರನ್ನು ಲಡಾಖಿಗೆ ಕೊಂಡೊಯ್ಯುತ್ತಿದ್ದನು. ಸಂಗಡ ನಮ್ಮ ನೆರೆಯೂರಿನ ಹದಿನೆಂಟು ವರ್ಷದ ಹುಡುಗನೊಬ್ಬನು ಕ್ಲೀನರನಾಗಿದ್ದನು. ಹೊರಡುವ ಅವಸರದಲ್ಲಿ ಮಾಲೀಕರ ಅಂಗಳದಲ್ಲಿ ಯಾರೂ ಲಾರಿಯನ್ನು ಸರಿಯಾಗಿ ನೋಡಿರಲಿಲ್ಲ. ಟ್ಯಾಂಕಿನಲ್ಲಿ ಇದ್ದುದು ಮೈದಾನದ ಡೀಸೆಲ್. ರೇಡಿಯೇಟರಿನಲ್ಲಿ ದಾರಿಯುದ್ದಕ್ಕೂ ಸುರಿದ ಬರಿಯ ನೀರು. ಬ್ಯಾಟರಿಯೋ ನಾಲ್ಕು ವರ್ಷ ಹಳೆಯದು.

ಜೋಜಿಲಾ ಕಣಿವೆಯನ್ನು ಹತ್ತಿಳಿದು ದ್ರಾಸ್ ಎಂಬ ಊರಿನ ಬಳಿ ರಾತ್ರಿ ತಂಗಿದರು. ನಡುರಾತ್ರಿಯಲ್ಲಿ ಚಳಿ ತಡೆಯಲಾರದೆ ಇಂಜಿನ್ನನ್ನು ಹೊರಡಿಸಲು ನೋಡಿದರೆ ಸೆಲ್ಫ್ ಒಮ್ಮೆ ನರಳಿ ನಿಂತುಹೋಯಿತು. ಆಗ ಅವರು ಅಡುಗೆಗೆಂದು ಇಟ್ಟುಕೊಂಡಿದ್ದ ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಹೊತ್ತಿಸಿ ಕ್ಯಾಬಿನ್ನಿನೊಳಗೆ ಇಟ್ಟುಕೊಂಡು, ಗಾಜುಗಳನ್ನು ಬಿಗಿಯಾಗಿ ಮುಚ್ಚಿ ಮಲಗಿದರು. ಬೆಳಗಿನ ಜಾವದಲ್ಲಿ ಪಕ್ಕದ ಲಾರಿಯ ಸರದಾರ್ಜಿಯೊಬ್ಬರು ಬೆಂಕಿಪೊಟ್ಟಣ ಕೇಳಲು ಬಂದು, ಎಷ್ಟು ತಟ್ಟಿದರೂ ಉತ್ತರವಿಲ್ಲದುದನ್ನು ಕಂಡು ಬಾಗಿಲನ್ನು ಮೀಟಿ ತೆಗೆದರು. ನನ್ನ ಶಿಷ್ಯನಿಗೆ ಅರ್ಧ ಎಚ್ಚರವಿತ್ತು. ಹುಡುಗನಿಗೆ ಏನೂ ಇರಲಿಲ್ಲ. ವೈದ್ಯರು ಆಮ್ಲಜನಕವನ್ನು ಕೊಟ್ಟು ಅವನನ್ನು ಉಳಿಸಿದರು. ಬೆಳಕು ಹರಿದ ಮೇಲೆ ನೋಡಿದರೆ ರೇಡಿಯೇಟರು ಬಿರಿದಿತ್ತು. ಡೀಸೆಲ್ಲು ಫಿಲ್ಟರಿನಲ್ಲಿ ಮೇಣದಂತೆ ಕಟ್ಟಿಕೊಂಡಿತ್ತು. ಶಾಲೆಯಲ್ಲಿ ಕೇಳಿದ ಪ್ರಶ್ನೆಗೆ ಅಲ್ಲಿ ಅವನಿಗೆ ಉತ್ತರ ದೊರೆಯಿತು.

ಮುಂದಿನ ಸಂಕ್ರಾಂತಿಯ ಹೊತ್ತಿಗೆ ಅವನು ಊರಿಗೆ ಬಂದನು. ಅವನ ತಾಯಿ ನಮ್ಮ ಮನೆಯ ಜಗಲಿಗೆ ಬಂದು, “ಮೇಷ್ಟ್ರೆ, ನಿಮ್ಮ ಮಾತನ್ನು ಅವನು ಮೀರುವುದಿಲ್ಲ. ಆ ಹಾಳು ಚಳಿಯ ಸೀಮೆಗೆ ಇನ್ನು ಹೋಗಬೇಡವೆಂದು ನೀವೇ ಬುದ್ಧಿ ಹೇಳಿ” ಎಂದು ಕಣ್ಣೀರು ಹಾಕಿದಳು. ನಾನು ಅವನನ್ನು ಕರೆಯಿಸಿ ಕೇಳಿದೆನು. ಅವನೆಂದನು: “ನಾನು ಬಿಟ್ಟರೆ ಇನ್ನೊಬ್ಬನು ಹೋಗುತ್ತಾನೆ, ಸಾರ್, ಅವನಿಗೂ ತಾಯಿ ಇರುತ್ತಾಳೆ. ಚಳಿ ಬರುವುದು ಗೊತ್ತಿದ್ದೂ ನಾವು ಸಿದ್ಧವಾಗದೆ ಹೋದೆವು. ಏನೇನು ಮಾಡಬೇಕಿತ್ತೆಂದು ಹಳಬರನ್ನು ಕೇಳಿ ಒಂದು ನೋಟುಬುಕ್ಕಿನಲ್ಲಿ ಗೀಚಿದ್ದೇನೆ. ನೀವು ಅದನ್ನು ಓದುವಂತೆ ಬರೆದುಕೊಡಿ. ನಮ್ಮ ಕಡೆಯ ಹುಡುಗರು ಈಗ ಬಹಳ ಮಂದಿ ಆ ದಾರಿಗೆ ಬರುತ್ತಿದ್ದಾರೆ.” ಹೋಗಬೇಡವೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಒಮ್ಮೆ ಕುಳಿತುಕೊ ಎಂದವನು ನಾನು. ಈ ಬಾರಿ ಅವನ ಪಕ್ಕದಲ್ಲಿ ನಾನೇ ಕುಳಿತುಕೊಂಡೆನು. ಅವನ ಪಟ್ಟಿಯನ್ನೂ, ಅದರ ಒಂದೊಂದು ಮಾತಿಗೂ ಇರುವ ಕಾರಣವನ್ನು ನಾನು ಓದಿ ಕೇಳಿ ತಿಳಿದುದನ್ನೂ ಕೂಡಿಸಿ ಈ ಲೇಖನವನ್ನು ವಾಚಕ ಮಹಾಶಯರ ಮುಂದಿಡುತ್ತಿದ್ದೇನೆ.

ಮೊದಲು ಆ ದಾರಿಯ ಸ್ವರೂಪವನ್ನು ತಿಳಿಯತಕ್ಕದ್ದು. ಶ್ರೀನಗರದಿಂದ ಲೇಹ್ ಪಟ್ಟಣಕ್ಕೆ ಸುಮಾರು ೪೨೦ ಕಿಲೋಮೀಟರು. ನಡುವೆ ಬರುವ ಜೋಜಿಲಾ ಕಣಿವೆಯು ಸಮುದ್ರಮಟ್ಟಕ್ಕೆ ಸುಮಾರು ೧೧,೫೦೦ ಅಡಿ ಎತ್ತರದಲ್ಲಿದೆ. ಆಚೆಯ ಫೋಟುಲಾ ಇನ್ನೂ ಎತ್ತರ, ೧೩,೪೦೦ ಅಡಿಗೂ ಮಿಗಿಲು. ಮನಾಲಿಯ ಕಡೆಯಿಂದ ಹೋಗುವ ಇನ್ನೊಂದು ದಾರಿಯಲ್ಲಿ ರೋಹ್ತಾಂಗ್ ಪರ್ವತದ ಅಡಿಯಲ್ಲಿ ೯ ಕಿಲೋಮೀಟರು ಉದ್ದದ ಅಟಲ್ ಸುರಂಗವು ೨೦೨೦ನೆಯ ಅಕ್ಟೋಬರಿನಲ್ಲಿ ತೆರೆಯಲ್ಪಟ್ಟಿತು. ಆದರೂ ಅದರಾಚೆ ಬಾರಾಲಾಚಾ, ತಂಗ್ಲಂಗ್ ಮುಂತಾದ ಮಹೋನ್ನತವಾದ ಕಣಿವೆಗಳು ಇದ್ದೇ ಇವೆ. ಕಾಶ್ಮೀರದ ಕಡೆಯಲ್ಲಿ ಸೋನಮಾರ್ಗದ ಸುರಂಗವು ೨೦೨೫ನೆಯ ಜನವರಿಯಲ್ಲಿ ತೆರೆಯಿತು. ಗಡಿ ರಸ್ತೆಗಳ ಸಂಘಟನೆಯೆಂಬ ಸಂಸ್ಥೆಯು ೧೯೬೦ರಲ್ಲಿ ಸ್ಥಾಪಿತವಾದಂದಿನಿಂದ ಈ ದಾರಿಗಳ ಹಿಮವನ್ನು ತೆಗೆಯುವ ಕಾರ್ಯದಲ್ಲಿ ದುಡಿಯುತ್ತ ಬಂದಿದೆ. ಹಿಂದೆ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚುತ್ತಿದ್ದ ಜೋಜಿಲಾ ಇತ್ತೀಚಿನ ವರ್ಷಗಳಲ್ಲಿ ಕಡಮೆ ಕಾಲ ಮುಚ್ಚುತ್ತಿದೆ. ಇದು ಸಂತೋಷದ ವಿಷಯವೇ ಸರಿ. ಆದರೆ ದಾರಿ ಹೆಚ್ಚು ಕಾಲ ತೆರೆದಿದ್ದಷ್ಟೂ ಹೆಚ್ಚು ಲಾರಿಗಳು ಘೋರ ಶೀತದಲ್ಲಿ ಸಂಚರಿಸುತ್ತವೆ. ದ್ರಾಸಿನಲ್ಲಿ ನಡುಚಳಿಗಾಲದ ರಾತ್ರಿ ಉಷ್ಣಮಾನವು ಸೊನ್ನೆಗಿಂತ ೨೦ ಡಿಗ್ರಿ ಕೆಳಗೆ ಇಳಿಯುವುದು ವಿಶೇಷವಲ್ಲ. ನಮ್ಮ ಸೀಮೆಯಲ್ಲಿ ೧೦ ಡಿಗ್ರಿಗೆ ಇಳಿದರೆ ನಾವು ಕಂಬಳಿಯನ್ನು ಹುಡುಕುತ್ತೇವೆ.

ಇನ್ನು ಸಿದ್ಧತೆಯ ವಿಷಯ. ಭಾರದ ಲಾರಿಯೆಂದರೆ ಕಬ್ಬಿಣದ ರಾಶಿಯೆಂದು ನಾವು ತಿಳಿಯುತ್ತೇವೆ. ಕಬ್ಬಿಣಕ್ಕೆ ಚಳಿಯಿಂದ ಆಗುವ ಬಾಧೆ ಸ್ವಲ್ಪವೇ. ಅದರೊಳಗೆ ಹರಿದಾಡುವ ಪದಾರ್ಥಗಳಿಗೆ ಆಗುವ ಬಾಧೆಯೇ ಹೆಚ್ಚು. ನೀರು, ಎಣ್ಣೆ, ಡೀಸೆಲ್, ಬ್ಯಾಟರಿಯ ಆಮ್ಲ, ಬ್ರೇಕಿನ ಗಾಳಿ, ಇವುಗಳನ್ನು ಕ್ರಮವಾಗಿ ನೋಡೋಣ.

ಮೊದಲನೆಯದು ನೀರು. ಇತರ ಬಹುತೇಕ ದ್ರವಗಳು ಗಟ್ಟಿಯಾಗುವಾಗ ಕುಗ್ಗುತ್ತವೆ, ನೀರು ಹಿಗ್ಗುತ್ತದೆ. ಹನ್ನೊಂದು ಪಾಲು ನೀರು ಹೆಪ್ಪುಗಟ್ಟಿದರೆ ಸುಮಾರು ಹನ್ನೆರಡು ಪಾಲು ಮಂಜುಗಡ್ಡೆಯಾಗುತ್ತದೆ. ಆ ಒಂದು ಪಾಲಿಗೆ ಸ್ಥಳವಿಲ್ಲದಿದ್ದರೆ ಅದು ರೇಡಿಯೇಟರಿನ ಕೊಳವೆಗಳನ್ನು ಬಿರಿಯುತ್ತದೆ. ಎರಕದ ಇಂಜಿನ್ ಕಟ್ಟನ್ನೂ ಸೀಳುತ್ತದೆ. ಆದಕಾರಣ ನೀರಿಗೆ ಎಥಿಲೀನ್ ಗ್ಲೈಕಾಲ್ ಎಂಬ ದ್ರವವನ್ನು ಬೆರೆಸುತ್ತಾರೆ. ಕೂಲಂಟ್ ಎಂದು ಅಂಗಡಿಯಲ್ಲಿ ದೊರೆಯುವುದು ಇದೇ. ಇಲ್ಲಿ ಒಂದು ವಿಚಿತ್ರವುಂಟು. ಬರಿಯ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಬರಿಯ ಗ್ಲೈಕಾಲ್ ಸೊನ್ನೆಗಿಂತ ೧೩ ಡಿಗ್ರಿಯಷ್ಟು ಕೆಳಗೆ ಹೆಪ್ಪುಗಟ್ಟುತ್ತದೆ. ಎರಡನ್ನೂ ಸಮಭಾಗವಾಗಿ ಬೆರೆಸಿದರೆ ಸೊನ್ನೆಗಿಂತ ಸುಮಾರು ೩೭ ಡಿಗ್ರಿ ಕೆಳಗಿನವರೆಗೆ ತಡೆಯುತ್ತದೆ. ಒಂದೊಂದೇ ಸೋಲುವ ಕಡೆ ಎರಡೂ ಕೂಡಿ ಗೆಲ್ಲುತ್ತವೆ. ಕೂಲಂಟ್ ಹೆಚ್ಚಾದಷ್ಟೂ ಒಳ್ಳೆಯದೆಂದು ಬರಿಯದನ್ನೇ ಸುರಿಯುವವರೂ, ದಾರಿಯಲ್ಲಿ ಕಡಮೆಯಾದಾಗ ಝರಿಯ ನೀರನ್ನು ಸುರಿಯುವವರೂ ಒಂದೇ ಬಗೆಯ ತಪ್ಪನ್ನು ಮಾಡುತ್ತಾರೆ. ಮಿಶ್ರಣದ ಬಲವನ್ನು ಅಳೆಯುವ ಸಣ್ಣ ಮಾಪಕವು ದೊರೆಯುತ್ತದೆ. ಹೊರಡುವ ಮುನ್ನ ಅಳೆದು ನೋಡಬೇಕು, ಬೆರೆಸಿದ ಕೂಲಂಟನ್ನೇ ಒಂದು ಡಬ್ಬಿಯಲ್ಲಿ ಸಂಗಡ ಒಯ್ಯಬೇಕು. ಗೃಹಸ್ಥರು ಇನ್ನೊಂದನ್ನು ನೆನಪಿಡತಕ್ಕದ್ದು: ಈ ದ್ರವವು ರುಚಿಗೆ ಸಿಹಿ, ಗುಣದಲ್ಲಿ ವಿಷ. ಕಾರಿಗಾಗಿ ತಂದ ಡಬ್ಬಿಯು ಮಕ್ಕಳ ಕೈಗೂ ನಾಯಿ ಬೆಕ್ಕುಗಳ ಬಾಯಿಗೂ ಸಿಕ್ಕದಂತಿರಬೇಕು.

ಎರಡನೆಯದು ಇಂಜಿನ್ನಿನ ಎಣ್ಣೆ. ಚಳಿಯಲ್ಲಿ ಎಣ್ಣೆಯು ಜೇನಿನಂತೆ ಮಂದವಾಗುತ್ತದೆ. ಮಂದವಾದ ಎಣ್ಣೆಯಲ್ಲಿ ಯಂತ್ರವನ್ನು ತಿರುಗಿಸುವುದು ಕಷ್ಟ. ತಿರುಗಿದರೂ ಮೊದಲ ಕ್ಷಣಗಳಲ್ಲಿ ಎಣ್ಣೆ ಮೇಲಕ್ಕೆ ತಲಪದೆ ಲೋಹವು ಲೋಹವನ್ನು ಉಜ್ಜುತ್ತದೆ. ಎಣ್ಣೆಯ ಡಬ್ಬಿಯ ಮೇಲೆ ೧೫ಡಬ್ಲ್ಯು-೪೦ ಎಂಬಂಥ ಗುರುತನ್ನು ವಾಚಕರು ನೋಡಿರಬಹುದು. ಅದರಲ್ಲಿ ಡಬ್ಲ್ಯು ಎಂಬ ಅಕ್ಷರವು ಚಳಿಗಾಲವನ್ನು ಸೂಚಿಸುತ್ತದೆ. ಅದರ ಹಿಂದಿನ ಅಂಕೆ ಚಿಕ್ಕದಾದಷ್ಟೂ ಎಣ್ಣೆಯು ಶೀತದಲ್ಲಿ ಹೆಚ್ಚು ಸಲೀಸಾಗಿ ಹರಿಯುತ್ತದೆ. ೧೫ರ ಎಣ್ಣೆಯನ್ನು ಸೊನ್ನೆಗಿಂತ ೨೦ ಡಿಗ್ರಿ ಕೆಳಗೂ, ೫ರ ಎಣ್ಣೆಯನ್ನು ೩೦ ಡಿಗ್ರಿ ಕೆಳಗೂ ಪರೀಕ್ಷಿಸಿ ಆ ಗುರುತನ್ನು ಕೊಡುತ್ತಾರೆ. ಬಯಲುಸೀಮೆಯಲ್ಲಿ ಸರಿಹೋಗುವ ಎಣ್ಣೆ ಅಲ್ಲಿ ಸಾಲದೆ ಹೋಗಬಹುದು. ಲಾರಿಯನ್ನು ತಯಾರಿಸಿದವರು ತಮ್ಮ ಕೈಪಿಡಿಯಲ್ಲಿ ಒಪ್ಪಿರುವ ಎಣ್ಣೆಗಳಲ್ಲಿ ಶೀತಕ್ಕೆ ತಕ್ಕುದನ್ನು ಆರಿಸಿ, ಹೊರಡುವ ಮೊದಲೇ ಬದಲಾಯಿಸುವುದು ವಿವೇಕ.

ಮೂರನೆಯದು ಡೀಸೆಲ್, ನನ್ನ ಶಿಷ್ಯನ ಪ್ರಶ್ನೆಯೂ ಇದೇ. ಉತ್ತರವು ಹೀಗೆ: ಡೀಸೆಲ್ಲೂ ಹೆಪ್ಪುಗಟ್ಟುತ್ತದೆ, ನಮ್ಮ ಊರಿನ ಚಳಿ ಅದಕ್ಕೆ ಸಾಲದು, ಅಷ್ಟೆ. ಕೊಬ್ಬರಿ ಎಣ್ಣೆಯು ೨೪ ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ. ಡೀಸೆಲ್ಲಿನಲ್ಲಿ ಕರಗಿರುವ ಮೇಣದ ಜಾತಿಯ ಅಂಶಗಳು ಇನ್ನೂ ಹೆಚ್ಚಿನ ಚಳಿಯಲ್ಲಿ ಹರಳುಗಟ್ಟುತ್ತವೆ. ಮೊದಲು ಡೀಸೆಲ್ಲು ಮಸಕಾಗುತ್ತದೆ. ಬಳಿಕ ಆ ಹರಳುಗಳು ಫಿಲ್ಟರಿನ ಕಾಗದವನ್ನು ಮುಚ್ಚುತ್ತವೆ. ಕಡೆಗೆ ಹರಿವೇ ನಿಲ್ಲುತ್ತದೆ. ಟ್ಯಾಂಕಿನ ತುಂಬ ಡೀಸೆಲ್ಲಿದ್ದರೂ ಇಂಜಿನ್ನಿಗೆ ಉಪವಾಸ. ಇದರ ನಿವಾರಣೆಗಾಗಿ ಇಂಡಿಯನ್ ಆಯಿಲ್ ಸಂಸ್ಥೆಯು ೨೦೧೯ನೆಯ ನವೆಂಬರಿನಲ್ಲಿ ಲಡಾಖಿಗೆಂದು ಚಳಿಗಾಲದ ವಿಶೇಷ ಡೀಸೆಲ್ಲನ್ನು ಮಾರಾಟಕ್ಕೆ ತಂದಿತು. ಸೊನ್ನೆಗಿಂತ ೩೩ ಡಿಗ್ರಿ ಕೆಳಗಿನವರೆಗೂ ಅದು ಹರಿಯುವ ಗುಣವನ್ನು ಕಳೆದುಕೊಳ್ಳುವುದಿಲ್ಲ. ಆದುದರಿಂದ ಮೈದಾನದಲ್ಲಿ ಟ್ಯಾಂಕನ್ನು ಕಂಠಪೂರ್ತಿ ತುಂಬಿಸಿಕೊಂಡು ಬೆಟ್ಟ ಹತ್ತುವುದು ಮಿತವ್ಯಯವಲ್ಲ. ಹಳೆಯದು ತಳಕ್ಕೆ ಬರುವಂತೆ ಲೆಕ್ಕಮಾಡಿಕೊಂಡು ಹೋಗಿ, ಚಳಿಗಾಲದ ಡೀಸೆಲ್ ದೊರೆಯುವಲ್ಲಿ ತುಂಬಿಸಿ, ಅದು ಫಿಲ್ಟರಿನವರೆಗೆ ತಲಪುವಷ್ಟು ದೂರ ಓಡಿಸಿದ ಮೇಲೆಯೇ ರಾತ್ರಿ ತಂಗಬೇಕು. ಡೀಸೆಲ್ಲಿನೊಡನೆ ಸೇರಿದ ನೀರೂ ಹೆಪ್ಪುಗಟ್ಟಿ ದಾರಿಯನ್ನು ಮುಚ್ಚುತ್ತದೆ. ಫಿಲ್ಟರಿನ ತಳದಲ್ಲಿ ನಿಲ್ಲುವ ನೀರನ್ನು ದಿನವೂ ಬಸಿಯಬೇಕು. ಹಿಂದಿನ ಡ್ರೈವರುಗಳು ಸೀಮೆಎಣ್ಣೆಯನ್ನು ಬೆರೆಸುತ್ತಿದ್ದರು. ಅದು ಪಂಪಿಗೆ ಬೇಕಾದ ಜಿಡ್ಡನ್ನು ಕಡಮೆ ಮಾಡುತ್ತದೆ, ಈಗಿನ ಸೂಕ್ಷ್ಮವಾದ ಯಂತ್ರಗಳನ್ನು ಕೆಡಿಸುತ್ತದೆ. ಟ್ಯಾಂಕಿನ ಕೆಳಗೆ ಬೆಂಕಿ ಹಾಕಿ ಕಾಯಿಸುವವರೂ ಇದ್ದಾರಂತೆ. ಹಂಡೆಯ ಕೆಳಗೆ ಉರಿ ಹಾಕುವಂತೆ ಡೀಸೆಲ್ ಟ್ಯಾಂಕಿನ ಕೆಳಗೆ ಹಾಕುವವನಿಗೆ ಬುದ್ಧಿ ಹೇಳುವ ಅವಕಾಶವು ಎರಡನೆಯ ಬಾರಿ ದೊರೆಯದೆ ಹೋಗಬಹುದು.

ಈಚಿನ ಲಾರಿಗಳಲ್ಲಿ ಇನ್ನೊಂದು ದ್ರವವೂ ಇದೆ. ೨೦೨೦ನೆಯ ಏಪ್ರಿಲಿನಿಂದ ಜಾರಿಗೆ ಬಂದ ಭಾರತ್ ಸ್ಟೇಜ್ ಆರು ಎಂಬ ನಿಯಮದಂತೆ ತಯಾರಾದ ಭಾರದ ಲಾರಿಗಳಲ್ಲಿ, ಹೊಗೆಯನ್ನು ಶುದ್ಧಿಮಾಡಲು ಯೂರಿಯಾದ ದ್ರಾವಣವನ್ನು ಬಳಸುತ್ತಾರೆ. ನೂರಕ್ಕೆ ಮೂವತ್ತೆರಡೂವರೆ ಪಾಲು ಯೂರಿಯಾ, ಉಳಿದುದು ನೀರು. ಇದು ಸೊನ್ನೆಗಿಂತ ೧೧ ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ಆದರೆ ಇದಕ್ಕಾಗಿ ಗಾಬರಿ ಬೇಡ. ಇಂಜಿನ್ ಬಿಸಿಯಾದ ಮೇಲೆ ಅದನ್ನು ಕರಗಿಸುವ ಏರ್ಪಾಡು ಲಾರಿಯಲ್ಲೇ ಇರುತ್ತದೆ. ಹಿಗ್ಗಲು ಸ್ಥಳವಿರುವಂತೆ ಆ ಡಬ್ಬಿಯನ್ನು ತುಳುಕುವಷ್ಟು ತುಂಬದಿರುವುದು, ಕರಗಲೆಂದು ಬೇರೇನನ್ನೂ ಬೆರೆಸದಿರುವುದು, ಇವೆರಡೇ ನಿಯಮ.

ನಾಲ್ಕನೆಯದು ಬ್ಯಾಟರಿ. ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಸಾಧನವಿಲ್ಲ. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬಾತನು ೧೮೯೦ರ ದಶಕದಲ್ಲಿ ರಚಿಸಿದ ಈ ಯಂತ್ರದಲ್ಲಿ ಗಾಳಿಯನ್ನು ಬಲವಾಗಿ ಅದುಮಿದಾಗ ಹುಟ್ಟುವ ಶಾಖದಿಂದಲೇ ಇಂಧನವು ಹೊತ್ತಿಕೊಳ್ಳುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿಯು ಬಿಸಿಯಾಗುವುದನ್ನು ಮಕ್ಕಳೂ ಬಲ್ಲರು, ತತ್ತ್ವವು ಅದೇ. ಒಳಗೆ ಬರುವ ಗಾಳಿಯೇ ಘೋರ ಶೀತಲವಾಗಿ, ಇಂಜಿನ್ನಿನ ಗೋಡೆಗಳೂ ತಣ್ಣಗಿದ್ದರೆ, ಅದುಮಿದರೂ ಸಾಕಷ್ಟು ಬಿಸಿಯಾಗದು. ಲೇಹ್ ಪಟ್ಟಣದ ಎತ್ತರದಲ್ಲಿ ಗಾಳಿಯ ಒತ್ತಡವು ಸಮುದ್ರಮಟ್ಟದಲ್ಲಿರುವುದರ ಮೂರನೆಯ ಎರಡು ಪಾಲಿನಷ್ಟೇ ಆದುದರಿಂದ ಕಷ್ಟವು ಇನ್ನೂ ಹೆಚ್ಚು. ಆಗ ಸೆಲ್ಫ್ ಬಲವಾಗಿಯೂ ಬಹಳ ಹೊತ್ತೂ ತಿರುಗಬೇಕಾಗುತ್ತದೆ. ಅದೇ ಸಮಯದಲ್ಲಿ ಬ್ಯಾಟರಿಯ ಬಲವು ಶೀತದಿಂದ ಅರ್ಧಕ್ಕೆ ಇಳಿದಿರುತ್ತದೆ. ಖರ್ಚು ಏರಿದ ತಿಂಗಳಲ್ಲಿಯೇ ಸಂಬಳ ಅರ್ಧವಾದಂತೆ!

ಬ್ಯಾಟರಿಯೊಳಗಿನ ಗಂಧಕಾಮ್ಲದ ದ್ರಾವಣದಲ್ಲಿ ಒಂದು ನೀತಿಯೂ ಅಡಗಿದೆ. ವಿದ್ಯುತ್ತು ಪೂರ್ಣವಾಗಿ ತುಂಬಿದ ಬ್ಯಾಟರಿಯು ಸೊನ್ನೆಗಿಂತ ೬೦ ಡಿಗ್ರಿ ಕೆಳಗಾದರೂ ಹೆಪ್ಪುಗಟ್ಟುವುದಿಲ್ಲ. ಖಾಲಿಯಾದ ಬ್ಯಾಟರಿಯಲ್ಲಿ ಆಮ್ಲವು ತೆಳುವಾಗಿ ನೀರೇ ಹೆಚ್ಚಾಗುವುದರಿಂದ ಸೊನ್ನೆಗಿಂತ ೮ ಡಿಗ್ರಿ ಕೆಳಗೇ ಹೆಪ್ಪುಗಟ್ಟಿ ಬಿರಿಯುತ್ತದೆ. ತುಂಬಿದವನಿಗೆ ಚಳಿಯ ಭಯವಿಲ್ಲ. ಬರಿದಾದವನಿಗೆ ಮೊದಲ ಗಾಳಿಯೇ ಸಾಕು. ಆದಕಾರಣ ಹಳೆಯ ಬ್ಯಾಟರಿಯನ್ನು ಇನ್ನೊಂದು ಚಳಿಗಾಲ ನಡೆಯಲಿ ಎಂದು ಇಟ್ಟುಕೊಳ್ಳಬಾರದು. ಕೊನೆಗಳ ಮೇಲಿನ ಬಿಳಿಯ ಪುಡಿಯನ್ನು ತೊಡೆದು, ತಂತಿಗಳನ್ನು ಬಿಗಿಮಾಡಬೇಕು. ರಾತ್ರಿ ತಂಗಿದಾಗ ಸಾಧ್ಯವಾದರೆ ಬ್ಯಾಟರಿಗಳನ್ನು ಕಳಚಿ ಬೆಚ್ಚಗಿನ ಸ್ಥಳದಲ್ಲಿ ಇಡುವ ಡ್ರೈವರುಗಳೂ ಉಂಟು. ಅದು ಶ್ರಮದ ಕೆಲಸವಾದರೂ ಬೆಳಗ್ಗೆ ಫಲ ಕೊಡುತ್ತದೆ.

ಐದನೆಯದು ಗಾಳಿ. ಭಾರದ ಲಾರಿಯ ಬ್ರೇಕು ಅದುಮಿದ ಗಾಳಿಯಿಂದ ನಡೆಯುವಂಥದು. ಹೊರಗಿನ ಗಾಳಿಯಲ್ಲಿ ತೇವವಿರುತ್ತದೆ. ಅದುಮಿ ತಣಿಸಿದಾಗ ಆ ತೇವವು ನೀರಾಗಿ ಉಕ್ಕಿನ ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ನಮ್ಮ ನಾಡಿನಲ್ಲಿ ಈ ನೀರಿನಿಂದ ತುಕ್ಕು ಹಿಡಿಯಬಹುದು. ಹಿಮದ ನಾಡಿನಲ್ಲಿ ಅದು ಕವಾಟದಲ್ಲಿ ಹೆಪ್ಪುಗಟ್ಟಿ ಬ್ರೇಕನ್ನೇ ಕಟ್ಟಿಹಾಕಬಹುದು. ಇಳಿಜಾರಿನಲ್ಲಿ ಕಾಲಿಟ್ಟಾಗ ಬ್ರೇಕು ಹಿಡಿಯದಿದ್ದರೆ ಏನಾಗುವುದೆಂದು ಬರೆಯಬೇಕಾದುದಿಲ್ಲ. ಗಾಳಿಯ ತೇವವನ್ನು ಹೀರುವ ಡ್ರೈಯರಿನ ಡಬ್ಬಿಯನ್ನು ಚಳಿಗಾಲಕ್ಕೆ ಮೊದಲೇ ಹೊಸದಾಗಿ ಹಾಕಿಸಬೇಕು. ಪ್ರತಿ ಸಂಜೆ ಟ್ಯಾಂಕುಗಳ ತಳದ ತಿರುಪನ್ನು ತೆಗೆದು ನೀರನ್ನು ಬಿಡಬೇಕು. ಈ ಕೆಲಸಕ್ಕೆ ಐದು ನಿಮಿಷ ಸಾಕು. ಕೈ ಮಾತ್ರ ಮರಗಟ್ಟುತ್ತದೆ. ಆದುದರಿಂದಲೇ ಇದನ್ನು ಬಿಡುವವರು ಹೆಚ್ಚು. ಒದ್ದೆಯಾದ ಬ್ರೇಕುಗಳೊಡನೆ ನಿಲ್ಲಿಸಿದರೆ ಬೆಳಗಾಗುವಷ್ಟರಲ್ಲಿ ಅವು ಚಕ್ರಕ್ಕೆ ಅಂಟಿಕೊಂಡಿರುತ್ತವೆ. ತಂಗುವ ಮುನ್ನ ಮೆಲ್ಲಗೆ ಬ್ರೇಕು ಒತ್ತುತ್ತ ಸ್ವಲ್ಪ ದೂರ ಓಡಿಸಿ ಒಣಗಿಸಿ, ಸಮವಾದ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಮರದ ಅಡ್ಡೆಗಳನ್ನು ಕೊಡುವುದು ಹಳಬರ ಪದ್ಧತಿ.

ಇನ್ನು ಚಕ್ರಗಳು. ಟಯರಿನ ಗಾಳಿಯೂ ಶೀತದಿಂದ ಕುಗ್ಗುತ್ತದೆ. ಚದರ ಅಂಗುಲಕ್ಕೆ ೧೦೦ ಪೌಂಡಿನ ಒತ್ತಡವಿದ್ದ ಟಯರಿನಲ್ಲಿ ಉಷ್ಣಮಾನವು ೧೦ ಡಿಗ್ರಿ ಇಳಿದರೆ ಸುಮಾರು ೪ ಪೌಂಡು ಕಡಮೆಯಾಗುತ್ತದೆ; ಎತ್ತರಕ್ಕೆ ಹೋದಂತೆ ಹೊರಗಿನ ಒತ್ತಡ ಇಳಿಯುವುದರಿಂದ ಮಾಪಕವು ಸ್ವಲ್ಪ ಹೆಚ್ಚಾಗಿಯೂ ತೋರಿಸುತ್ತದೆ. ಆದಕಾರಣ ಜಮ್ಮುವಿನಲ್ಲಿ ನೋಡಿದ ಲೆಕ್ಕವನ್ನು ನಂಬದೆ, ಮೇಲೆ ಹೋದ ಮೇಲೆ ಬೆಳಗಿನ ಹೊತ್ತು ಟಯರು ತಣ್ಣಗಿರುವಾಗ ಮತ್ತೆ ನೋಡಬೇಕು. ಸವೆದ ಟಯರನ್ನು ಹಿಮಕ್ಕೆ ಒಯ್ಯಬಾರದು. ಉಕ್ಕಿನ ಸರಪಣಿಗಳು ಅವಶ್ಯವಾಗಿ ಬೇಕು. ಇಂಜಿನ್ನಿನ ಬಲವು ತಲಪುವ ಚಕ್ರಗಳಿಗೆ ಅವನ್ನು ಕಟ್ಟಬೇಕು. ಏರು ಮೊದಲಾಗುವ ಮುನ್ನ ಸಮನೆಲದಲ್ಲಿಯೇ ಕಟ್ಟಬೇಕು. ಸ್ವಲ್ಪ ದೂರ ಹೋಗಿ ನಿಂತು ಮತ್ತೆ ಬಿಗಿಮಾಡಬೇಕು. ಬರಿಯ ರಸ್ತೆ ಸಿಕ್ಕಿದೊಡನೆ ಬಿಚ್ಚದಿದ್ದರೆ ಸರಪಣಿಯೂ ಟಯರೂ ಎರಡೂ ಹಾಳಾಗುತ್ತವೆ. ಸರಪಣಿ ಕಟ್ಟುವುದನ್ನು ಊರಿನಲ್ಲಿಯೇ ಎರಡು ಬಾರಿ ಕಟ್ಟಿ ಬಿಚ್ಚಿ ಅಭ್ಯಾಸ ಮಾಡತಕ್ಕದ್ದು; ಗಾಳಿ ಬೀಸುವ ಕತ್ತಲೆಯಲ್ಲಿ ಮರಗಟ್ಟಿದ ಬೆರಳುಗಳಿಂದ ಮೊದಲ ಪಾಠವನ್ನು ಕಲಿಯಲಾಗದು.

ಕಣ್ಣಿಗೆ ಕಾಣುವ ಬಿಳಿಯ ಹಿಮಕ್ಕಿಂತ ಕಾಣದ ಮಂಜುಗಡ್ಡೆಯೇ ಹೆಚ್ಚು ಅಪಾಯಕರ. ಹಗಲು ಕರಗಿದ ನೀರು ಸಂಜೆ ರಸ್ತೆಯ ಮೇಲೆ ಗಾಜಿನಂಥ ತೆಳುವಾದ ಪದರವಾಗುತ್ತದೆ. ರಸ್ತೆಯು ಬರಿದೇ ಒದ್ದೆಯಾಗಿರುವಂತೆ ತೋರುತ್ತದೆ. ಸೇತುವೆಗಳ ಮೇಲೆ, ಕೆಳಗಿನಿಂದಲೂ ಗಾಳಿ ತಾಕುವುದರಿಂದ, ಮೊದಲು ಹೆಪ್ಪುಗಟ್ಟುತ್ತದೆ. ಅಲ್ಲಿ ಥಟ್ಟನೆ ಬ್ರೇಕು ಒತ್ತುವುದೂ, ಥಟ್ಟನೆ ತಿರುಗಿಸುವುದೂ ಕೂಡದು. ಕೆಳಗಿನ ಗೇರಿನಲ್ಲಿ, ಮುಂದಿನ ವಾಹನಕ್ಕೆ ಬಹಳ ಅಂತರವನ್ನು ಬಿಟ್ಟು, ಗರ್ಭಿಣಿಯನ್ನು ಗಾಡಿಯಲ್ಲಿ ಕರೆದೊಯ್ಯುವವನಂತೆ ಹೋಗಬೇಕು ಎಂದು ನನ್ನ ಶಿಷ್ಯನು ತನ್ನ ಪಟ್ಟಿಯಲ್ಲಿ ಬರೆದಿದ್ದನು. ಈ ವಾಕ್ಯವನ್ನು ನಾನು ತಿದ್ದಲಿಲ್ಲ.

ಕಡೆಯದು ಮನುಷ್ಯ. ಸಲಿಕೆ, ಹಗ್ಗ, ಒಂದೆರಡು ಚೀಲ ಮರಳು, ಟಾರ್ಚು, ಉಣ್ಣೆಯ ಕೈಚೀಲ, ಕಂಬಳಿಗಳು, ಎರಡು ಮೂರು ದಿನಕ್ಕೆ ಸಾಕಾಗುವ ಆಹಾರ, ನೀರು, ಔಷಧಿ, ಇವು ಲಾರಿಯಲ್ಲಿ ಇರಲೇಬೇಕು. ಎತ್ತರದಲ್ಲಿ ಗಾಳಿಯು ವಿರಳವಾದುದರಿಂದ ತಲೆನೋವು, ವಾಕರಿಕೆ ಉಂಟಾದರೆ ಅಲಕ್ಷ್ಯ ಮಾಡದೆ ನಿಂತು ವಿಶ್ರಮಿಸಬೇಕು, ಹೆಚ್ಚಾದರೆ ಕೆಳಗಿಳಿಯಬೇಕು. ಎಲ್ಲಕ್ಕೂ ಮಿಗಿಲಾದ ನಿಯಮವು ಇದು: ಮುಚ್ಚಿದ ಕ್ಯಾಬಿನ್ನಿನಲ್ಲಿ ಇದ್ದಿಲನ್ನಾಗಲಿ ಸ್ಟೌವನ್ನಾಗಲಿ ಹೊತ್ತಿಸಿ ಮಲಗಬಾರದು, ಹೊಗೆಕೊಳವೆಯು ಹಿಮದಲ್ಲಿ ಹೂತಿರುವಾಗ ಇಂಜಿನ್ನನ್ನು ನಡೆಯಿಸುತ್ತ ಮಲಗಬಾರದು. ಗಾಳಿ ಸಾಲದ ಸ್ಥಳದಲ್ಲಿ ಉರಿಯುವ ಬೆಂಕಿಯಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಅಂಶಕ್ಕೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಅಂಟಿಕೊಳ್ಳುತ್ತದೆ. ಮಲಗಿದವನಿಗೆ ಎಚ್ಚರವಾಗುವುದೇ ಇಲ್ಲ. ಆ ನೆರೆಯೂರಿನ ಹುಡುಗನನ್ನು ಸಾವಿನ ಬಾಗಿಲಿಗೆ ಒಯ್ದುದು ಹಿಮವಲ್ಲ, ಚಳಿಗೆ ಅಂಜಿ ಇಟ್ಟುಕೊಂಡ ಕೆಂಡ.

ಈ ಮಾತನ್ನು ಲಾರಿಯವರಿಗೆ ಮಾತ್ರವೇ ಬರೆಯುತ್ತಿಲ್ಲ. ನಮ್ಮ ಮನೆಗಳಲ್ಲಿ ಬಾಣಂತಿಯ ಕೋಣೆಗೆ ಅಗ್ಗಿಷ್ಟಿಕೆ ಇಡುವ ರೂಢಿ ಇದೆಯಷ್ಟೆ. ಹಂಚಿನ ಮನೆಯಲ್ಲಿ ಹಂಚಿನ ಸಂದುಗಳೇ ಮಗುವನ್ನೂ ತಾಯಿಯನ್ನೂ ಕಾಯುತ್ತಿದ್ದುವು. ಈಗಿನ ಗಾರೆಯ ಮನೆಯ ಕೋಣೆಯಲ್ಲಿ ಕಿಟಕಿ ಬಾಗಿಲುಗಳನ್ನು ಬಿಗಿಯಾಗಿ ಮುಚ್ಚಿದರೆ ಅದು ಲಾರಿಯ ಕ್ಯಾಬಿನ್ನಿಗಿಂತ ಬೇರೆಯಲ್ಲ. ಕೆಂಡವನ್ನು ಇಡಲೇಬೇಕೆನ್ನುವವರು ಕಿಟಕಿಯನ್ನು ತೆರೆದಿಡಲಿ; ಮಲಗುವ ಮುನ್ನ ಕೆಂಡವನ್ನು ಹೊರಗೆ ಹಾಕಲಿ.

ನನ್ನ ಶಿಷ್ಯನು ಮರುವರ್ಷದ ಕಾರ್ತಿಕದಲ್ಲಿ ಮತ್ತೆ ಆ ದಾರಿಗೆ ಹೋದನು. ಹಳೆಯ ಮಾಲೀಕರನ್ನು ಬಿಟ್ಟು, ಹೊರಡುವ ಮುನ್ನ ಎರಡು ದಿನ ಲಾರಿಯನ್ನು ನೋಡಲು ಬಿಡುವ ಇನ್ನೊಬ್ಬರಲ್ಲಿ ನಿಂತನು; ಸಂಬಳ ಸ್ವಲ್ಪ ಕಡಮೆ. ಪಟ್ಟಿಯನ್ನು ನಾನು ದಪ್ಪ ಅಕ್ಷರಗಳಲ್ಲಿ ಬರೆದುಕೊಟ್ಟೆನು. ಅವನು ಅದಕ್ಕ ಗಾಜಿನಂಥ ಹೊದಿಕೆ ಹಾಕಿಸಿ ಕ್ಯಾಬಿನ್ನಿನಲ್ಲಿ ಅಂಟಿಸಿದನು. ಪ್ರತಿಗಳನ್ನು ಬೇರೆ ಹುಡುಗರೂ ಕೇಳಿ ಪಡೆದರು. ಉಳಿದುಬಂದ ಆ ಕ್ಲೀನರ್ ಹುಡುಗನು ಈಗ ತಾನೇ ಡ್ರೈವರನಾಗಿ ಅದೇ ದಾರಿಯಲ್ಲಿದ್ದಾನೆ.

ಅವನ ತಾಯಿಗೆ ನಾನು ಕೊಟ್ಟ ಮಾತನ್ನು ನಡೆಯಿಸಲಿಲ್ಲವೆಂಬ ಸಂಕೋಚವು ನನಗೆ ಬಹುದಿನ ಇತ್ತು. ಒಂದು ಬೆಳಗ್ಗೆ ಆಕೆ ಹಾಲು ತಂದಾಗ ಅದನ್ನು ಹೇಳಿದೆನು. ಆಕೆ, “ಬಿಡಿ ಮೇಷ್ಟ್ರೆ. ಸೀಸೆಯಲ್ಲಿ ಎಣ್ಣೆ ಗಟ್ಟಿಯಾದ ದಿನ ನಾನೇ ಅವನಿಗೆ ಫೋನು ಮಾಡಿ, ಟ್ಯಾಂಕಿನ ನೀರು ಬಿಟ್ಟೆಯೇನೋ, ಕೆಂಡ ಹೊರಗೆ ಹಾಕಿದೆಯೇನೋ ಎಂದು ಕೇಳುತ್ತೇನೆ. ಬಿಟ್ಟೆನಮ್ಮಾ ಎನ್ನುತ್ತಾನೆ. ಆಮೇಲೆ ಮಲಗುತ್ತೇನೆ” ಎಂದಳು. ನನ್ನ ಪಾಠಗಳಲ್ಲಿ ಇಷ್ಟು ಚೆನ್ನಾಗಿ ಒಪ್ಪಿಸಲ್ಪಟ್ಟುದು ಇನ್ನೊಂದಿಲ್ಲ. ಮಕ್ಕಳು ಕೇಳಿದ ಪ್ರಶ್ನೆಗೆ ಉತ್ತರ ತಿಳಿಯದಿದ್ದಲ್ಲಿ, ತಿಳಿಯದೆಂದು ಹೇಳಿ ಅವರೊಡನೆ ಕೂಡಿ ಹುಡುಕುವುದು ಉಪಾಧ್ಯಾಯರಿಗೂ ತಾಯಿತಂದೆಗಳಿಗೂ ತಕ್ಕುದೆಂದು ವಿನಯಪೂರ್ವಕವಾಗಿ ತಿಳಿಸಿ ಈ ಲೇಖನವನ್ನು ಮುಗಿಸುತ್ತೇನೆ.